ಮಿಷನ್ ತರುವ ಮೊದಲು ಒಂದು ಮಳೆಗಾಲ ನೋಡಿ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಕಾಫಿ ತೋಟ. ತೋಟದ ಮನೆಯ ಪಕ್ಕದಲ್ಲೇ ನಾಲ್ಕು ರೂಮಿನ ಹೋಂಸ್ಟೇ ನಡೆಸುತ್ತೇವೆ. ಮನೆ ಮುಂದೆ ಸುಮಾರು 12 ಗುಂಟೆ ಲಾನ್ ಇದೆ. ಅರ್ಧ ಮಟ್ಟವಾಗಿದೆ, ಉಳಿದದ್ದು ಕೆರೆ ಕಡೆಗೆ ಇಳಿಜಾರು. ಇಳಿಜಾರಿನ ಕೊನೆಗೆ ಆರಡಿ ಎತ್ತರದ ಧರೆ, ಅಂದರೆ ಕಡಿದಾದ ಮಣ್ಣಿನ ಅಂಚು. ಲಾನ್ ಒಳಗೆ ಎರಡು ಹಲಸಿನ ಮರ, ಒಂದು ಬದಿಗೆ ಸಿಲ್ವರ್ ಓಕ್ ಮರದ ಸಾಲು, ಇನ್ನೊಂದು ಬದಿಗೆ ಅಡಿಕೆ. 22 ವರ್ಷದಿಂದ ಈ ಹುಲ್ಲು ನೋಡಿಕೊಂಡವರಿಗೆ ಈಗ ಸೊಂಟ ನೋವು. ವೀಡ್ ಕಟರ್ ಹೊರಬಾರದು ಎಂದು ಡಾಕ್ಟರ್ ಹೇಳಿದ್ದಾರೆ. ಬೇರೆ ಆಳು ಸಿಗುವುದಿಲ್ಲ. ಮಿಷನ್ ಸದ್ದಿಗೆ ಗೆಸ್ಟ್‌ಗಳೂ ಬೇಜಾರು ಮಾಡಿಕೊಳ್ಳುತ್ತಾರೆ. ಜರ್ಮನಿಯಲ್ಲಿರುವ ಮಗ ಮುಂದಿನ ರಜೆಗೆ ಬರುವಾಗ ಹುಲ್ಲು ಕತ್ತರಿಸುವ ರೋಬೋಟ್ ತರುತ್ತೇನೆ ಎನ್ನುತ್ತಾನೆ. ಹೇಗೂ ಅಂಗಳ ಹೊಸದಾಗಿ ಮಾಡಿಸುವ ಯೋಚನೆ ಇದೆ. ಏನೇನು ಬದಲಾಯಿಸಬೇಕು? ನಮ್ಮ ಮಳೆಗೆ ಇದು ನಡೆಯುತ್ತಾ?

ಉತ್ತರ: ನಡೆಯುತ್ತದೆ. ಆದರೆ ಮಗನಿಗೆ ಇವತ್ತೇ ಫೋನ್ ಮಾಡಿ, ಈ ಸಲ ತರಬೇಡ ಎಂದು ಹೇಳಿ. ಮೊದಲು ನೆಲ ಸರಿ ಮಾಡಿ. ಆಮೇಲೆ ಒಂದು ಪೂರ್ತಿ ಮಳೆಗಾಲ ಆ ನೆಲ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ. ಮಿಷನ್ ಬರಬೇಕಾದ್ದು ಅದಾದ ಮೇಲೆ. ಇದು ಅತಿಯಾದ ಎಚ್ಚರಿಕೆ ಎಂದು ಅನಿಸಬಹುದು. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂದು ವಿವರಿಸುತ್ತೇನೆ.

ಈ ರೋಬೋಟ್ ವೀಡ್ ಕಟರ್ ಥರ ಅಲ್ಲ. ಎರಡಡಿ ಬೆಳೆದ ಹುಲ್ಲನ್ನು ಬೀಸಿ ಮಲಗಿಸುವ ಶಕ್ತಿ ಅದಕ್ಕಿಲ್ಲ. ತಿರುಗುವ ಒಂದು ತಟ್ಟೆಗೆ ಶೇವಿಂಗ್ ಬ್ಲೇಡಿನಂಥ ಸಣ್ಣ ಬ್ಲೇಡುಗಳನ್ನು ಸಿಕ್ಕಿಸಿರುತ್ತಾರೆ. ಅದು ಹೆಚ್ಚುಕಡಿಮೆ ದಿನಾ ಓಡಾಡಿ, ಹುಲ್ಲಿನ ತುದಿಯನ್ನು ಕೆಲವೇ ಮಿಲಿಮೀಟರ್ ತೆಗೆಯುತ್ತದೆ. ಆ ಚೂರುಗಳು ಅಲ್ಲೇ ಬಿದ್ದು ಗೊಬ್ಬರವಾಗುತ್ತವೆ. ಹುಲ್ಲಿಗೆ ಬೇಕಾದ ಸಾರಜನಕದಲ್ಲಿ ಸುಮಾರು ಕಾಲು ಭಾಗ ಹೀಗೇ ಮಣ್ಣಿಗೆ ವಾಪಸ್ ಹೋಗುತ್ತದೆ. ಗುಡಿಸಿ ಎತ್ತಿ ಹಾಕುವ ಕೆಲಸವೂ ಇಲ್ಲ. ಸದ್ದು ತೀರಾ ಕಡಿಮೆ, ಜಗಲಿಯಲ್ಲಿ ಕೂತು ಕಾಫಿ ಕುಡಿಯುವವರಿಗೆ ಕೇಳಿಸುವುದೇ ಇಲ್ಲ ಎನ್ನಬಹುದು.

ಆದರೆ ಈ ಎಲ್ಲ ಅನುಕೂಲವೂ ಒಂದೇ ಮಾತಿನ ಮೇಲೆ ನಿಂತಿದೆ: ಅದು ನಿಲ್ಲದೆ ಓಡಬೇಕು. ಕೆಸರಿನಲ್ಲಿ ಹೂತು ನಿಂತಿತು ಅಂದುಕೊಳ್ಳಿ. ಅಥವಾ ಅಡಿಕೆ ಹಾಳೆ ಹತ್ತಿ ಚಕ್ರ ಗಾಳಿಯಲ್ಲಿ ತಿರುಗತೊಡಗಿತು, ಹಲಸಿನ ಬೇರಿನ ಮಧ್ಯೆ ಸಿಕ್ಕಿಕೊಂಡಿತು. ಬೇಸಿಗೆಯಲ್ಲಾದರೆ ಎತ್ತಿ ಬಿಡಬಹುದು, ತೊಂದರೆ ಇಲ್ಲ. ಪುನರ್ವಸು ಮಳೆ ಹಿಡಿದಾಗ ನಾಲ್ಕು ದಿನ ನಿಂತರೆ ಹುಲ್ಲು ಅದರ ಕೈ ಮೀರಿ ಬೆಳೆದಿರುತ್ತದೆ. ಆಮೇಲೆ ಮತ್ತೆ ವೀಡ್ ಕಟರ್ ಹೊರಬೇಕು. ಆದ್ದರಿಂದ ರೋಬೋಟಿಗಾಗಿ ಅಂಗಳ ಮಾಡುವುದು ಎಂದರೆ, ಅದನ್ನು ನಿಲ್ಲಿಸುವ ಸಂಗತಿಗಳನ್ನು ಒಂದೊಂದಾಗಿ ಲಾನಿನಿಂದ ಆಚೆ ಹಾಕುವುದು, ಅಷ್ಟೇ.

ಇನ್ನೊಂದು ಮಾತು ನೆನಪಿನಲ್ಲಿರಲಿ. 1995ರಲ್ಲಿ ಸ್ವೀಡನ್ನಿನ ಹಸ್ಕ್‌ವರ್ನಾ ಕಂಪನಿ ಸೋಲಾರ್ ಶಕ್ತಿಯಿಂದ ಓಡುವ ರೋಬೋಟ್ ಮೋವರನ್ನು ಮಾರುಕಟ್ಟೆಗೆ ತಂದಿತು. ಅಂದಿನಿಂದ ಈ ಮಿಷನ್‌ಗಳು ಬೆಳೆದದ್ದು ಯುರೋಪಿನ ಅಂಗಳಗಳಲ್ಲಿ. ಅಲ್ಲಿ ಮಳೆ ವರ್ಷವಿಡೀ ಹಂಚಿಕೊಂಡು ಬರುತ್ತದೆ. ನಮ್ಮಲ್ಲಿ ನಾಲ್ಕು ತಿಂಗಳಲ್ಲಿ ಸುರಿದು ಮುಗಿಸುತ್ತದೆ. ಹಾಗಾಗಿ ಕಂಪನಿಯ ಪುಸ್ತಕದಲ್ಲಿರುವ ಅಂಕಿಗಳನ್ನು ಮೂಡಿಗೆರೆಯ ಜುಲೈ ತಿಂಗಳಿಗೆ ಹಾಗೇ ಅನ್ವಯಿಸಬಾರದು. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಆಲ್ದೂರು ಕಡೆಯ ಒಂದು ತೋಟದ ಮನೆ. ಅಲ್ಲೂ ನಿಮ್ಮಲ್ಲಿರುವಂತೆಯೇ ಲಾನಿನ ತುದಿಗೆ ಧರೆ. ರೋಬೋಟಿಗೆ ಗಡಿ ತೋರಿಸುವ ಬೌಂಡರಿ ವೈರನ್ನು ಧರೆಯ ಅಂಚಿನಿಂದ ಒಂದಡಿ ಒಳಗೆ ಹಾಕಿಸಿದ್ದೆ. ಫೆಬ್ರವರಿಯಿಂದ ಜೂನ್‌ವರೆಗೆ ಏನೂ ಆಗಲಿಲ್ಲ. ಜುಲೈ ಮೊದಲ ವಾರ ಮಿಷನ್ ವೈರ್ ತನಕ ಬಂತು, ಸಿಗ್ನಲ್ ಸಿಕ್ಕಿತು, ಚಕ್ರ ನಿಲ್ಲಿಸಿತು. ಆದರೆ ಒದ್ದೆ ಹುಲ್ಲಿನ ಮೇಲೆ ಹಾಗೇ ಜಾರಿಕೊಂಡು ಹೋಗಿ ಐದಡಿ ಕೆಳಗೆ ಬಿತ್ತು. ಮೇಲಿನ ಕವಚ ಸೀಳಿತು, ಮುಂದಿನ ಚಕ್ರ ಮುರಿಯಿತು. ಮಿಷನ್‌ನಲ್ಲಿ ದೋಷ ಇರಲಿಲ್ಲ. ಬ್ರೇಕ್ ಹಾಕಿದ ಮೇಲೂ ಜಾರುವ ನೆಲವನ್ನು ಅದಕ್ಕೆ ಕೊಟ್ಟಿದ್ದು ನಾನು. ಅಂದಿನಿಂದ ಧರೆ ಇರುವ ಕಡೆ ವೈರನ್ನು ಮಾತ್ರ ನಂಬಿ ಕೆಲಸ ಮಾಡಿಲ್ಲ.

ನಿಮ್ಮ ಅಂಗಳದ ದೊಡ್ಡ ಪ್ರಶ್ನೆಯೂ ಇದೇ, ಇಳಿಜಾರು. ಮೊದಲು ಅಳೆಯಿರಿ. ಹತ್ತಡಿ ಉದ್ದದ ನೇರ ಪೈಪ್ ಒಂದು, ರಸಮಟ್ಟ ಒಂದು ಸಾಕು. ಪೈಪಿನ ಒಂದು ತುದಿಯನ್ನು ಮೇಲ್ಗಡೆ ನೆಲಕ್ಕೆ ಮುಟ್ಟಿಸಿ, ರಸಮಟ್ಟ ನೋಡಿ ಪೈಪನ್ನು ಮಟ್ಟವಾಗಿ ಹಿಡಿಯಿರಿ. ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಅಂತರ ಇದೆ ಎಂದು ಟೇಪ್ ಹಿಡಿಯಿರಿ. ಎರಡಡಿ ಇದ್ದರೆ ಇಳಿಜಾರು ಶೇ. 20. ಮೂರೂವರೆ ಅಡಿ ಇದ್ದರೆ ಶೇ. 35. ಇಂಥ ಐದಾರು ಜಾಗದಲ್ಲಿ ಅಳೆದು ಒಂದು ಕಾಗದದ ಮೇಲೆ ಗುರುತು ಮಾಡಿಕೊಳ್ಳಿ.

ಸಾಮಾನ್ಯ ರೋಬೋಟ್‌ಗಳು ಶೇ. 35ರಿಂದ 45ರವರೆಗೆ ಹತ್ತುತ್ತವೆ ಎಂದು ಬರೆದಿರುತ್ತಾರೆ. ನಾಲ್ಕೂ ಚಕ್ರಕ್ಕೆ ಶಕ್ತಿ ಇರುವ ದುಬಾರಿ ಮಾದರಿಗಳು ಶೇ. 70ರ ತನಕ ಹೋಗುತ್ತವೆ. ಇಲ್ಲಿ ಒಂದು ಗೊಂದಲ ಬಹಳ ಜನಕ್ಕೆ ಆಗುತ್ತದೆ. ಶೇ. 45 ಎಂದರೆ 45 ಡಿಗ್ರಿ ಅಲ್ಲ, ಸುಮಾರು 24 ಡಿಗ್ರಿ. 45 ಡಿಗ್ರಿ ಎಂದರೆ ಶೇ. 100 ಆಯಿತು. ಇನ್ನೂ ಮುಖ್ಯವಾದದ್ದು, ಈ ಅಂಕಿ ಲಾನಿನ ಮಧ್ಯಭಾಗಕ್ಕೆ. ಮಿಷನ್ ತಿರುಗಬೇಕಾದ ಅಂಚಿನಲ್ಲಿ ಎಷ್ಟೋ ಮಾದರಿಗಳಿಗೆ ಶೇ. 15ಕ್ಕಿಂತ ಜಾಸ್ತಿ ಇಳಿಜಾರು ಆಗುವುದಿಲ್ಲ. ಈ ಎರಡನೇ ಅಂಕಿಯನ್ನು ಯಾರೂ ಓದುವುದಿಲ್ಲ. ಆಲ್ದೂರಿನಲ್ಲಿ ನಾನೂ ಗಮನಿಸಿರಲಿಲ್ಲ.

ನಮ್ಮ ಮಳೆ ಲೆಕ್ಕ ಹಾಕಿ ನಾನು ಇಟ್ಟುಕೊಂಡ ಕಟ್ಟುಪಾಡು ಹೀಗಿದೆ. ಶೇ. 25ಕ್ಕಿಂತ ಕಡಿದಾದ ಜಾಗದಲ್ಲಿ ಲಾನ್ ಬೇಡವೇ ಬೇಡ. ಅದಕ್ಕಿಂತ ಕಡಿಮೆ ಇರುವ ಕಡೆಯೂ ಇಳಿಜಾರು ಮುಗಿದ ಮೇಲೆ, ಅಂಚು ಬರುವ ಮೊದಲು, ನಾಲ್ಕಡಿ ಅಗಲದ ಮಟ್ಟವಾದ ಪಟ್ಟಿ ಇರಬೇಕು. ಮಿಷನ್ ಜಾರಿದರೂ ಅಲ್ಲಿ ಬಂದು ನಿಲ್ಲಬೇಕು. ಅದರಾಚೆ ಧರೆಯ ಕಡೆಗೆ ಅರ್ಧ ಅಡಿ ಎದ್ದು ನಿಂತ ಕಲ್ಲಿನ ಸಾಲು ಬೇಕು. ಸೈಜು ಕಲ್ಲನ್ನು ಕಾಂಕ್ರೀಟ್ ಬೆಡ್ ಮೇಲೆ ಕೂರಿಸಿದರೆ ಸಾಕು. ಆದರೆ ಮಧ್ಯೆ ಮಧ್ಯೆ ನೀರು ಹೋಗಲು ಸಂದು ಬಿಡಿ, ಇಲ್ಲದಿದ್ದರೆ ಆ ಕಲ್ಲೇ ನೀರು ಕಟ್ಟಿ ನಿಲ್ಲಿಸಿ ಧರೆಯನ್ನು ನೆನೆಸುತ್ತದೆ. ಮಕ್ಕಳು ಓಡಾಡುವ ಹೋಂಸ್ಟೇಗೆ ಈ ಕಲ್ಲಿನ ಸಾಲು ರೋಬೋಟ್ ಇರಲಿ ಬಿಡಲಿ ಬೇಕಾದದ್ದೇ.

ಕಡಿದಾದ ಜಾಗವನ್ನು ಜೆಸಿಬಿ ತಂದು ಸಮ ಮಾಡಿಸೋಣ ಅನಿಸಬಹುದು. ದಯವಿಟ್ಟು ಬೇಡ. 2019ರ ಆಗಸ್ಟ್ ಮಳೆಯಲ್ಲಿ ನಿಮ್ಮ ತಾಲೂಕಿನಲ್ಲೇ ಗುಡ್ಡ ಜರಿದದ್ದನ್ನು ನೀವು ನೋಡಿದ್ದೀರಿ. ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಲಾನ್‌ಗೋಸ್ಕರ ಆ ಅಪಾಯ ತಂದುಕೊಳ್ಳುವುದು ಸರಿಯಲ್ಲ. ಅದರ ಬದಲು ಆ ಭಾಗವನ್ನು ಹುಲ್ಲಿನಿಂದ ಬಿಡಿಸಿ ಗಿಡಗಳಿಗೆ ಕೊಡಿ. ಇಳಿಜಾರಿಗೆ ಅಡ್ಡಲಾಗಿ ಲಾವಂಚದ ಸಾಲು ಹಾಕಿ. ಅದರ ಬೇರು ಹತ್ತಡಿ ತನಕ ಇಳಿದು ಮಣ್ಣನ್ನು ಹಿಡಿಯಬಲ್ಲದು. ಸಾಲುಗಳ ಮಧ್ಯೆ ಜರಿಗಿಡ, ಹೆಲಿಕೋನಿಯಾ, ಕಾಡುಶುಂಠಿ ಜಾತಿಗಳು ಚೆನ್ನಾಗಿ ಬರುತ್ತವೆ. ಹಳದಿ ಹೂವಿನ ವೆಡೆಲಿಯಾವನ್ನು ಮಾತ್ರ ಹಾಕಬೇಡಿ. ನರ್ಸರಿಯವರು ಬೇಗ ಮುಚ್ಚುತ್ತದೆ ಎಂದು ಕೊಡುತ್ತಾರೆ. ನಿಜ, ಬೇಗ ಮುಚ್ಚುತ್ತದೆ. ಆಮೇಲೆ ಕೆರೆ ದಂಡೆ, ಕಾಫಿ ಬುಡ ಎಲ್ಲವನ್ನೂ ಮುಚ್ಚುತ್ತದೆ.

ಹೀಗೆ ಮಾಡಿದಾಗ ನಿಮ್ಮ 12 ಗುಂಟೆ ಲಾನ್ 7 ಗುಂಟೆಗೆ ಇಳಿಯಬಹುದು. ಅದರಿಂದ ಬೇಜಾರಾಗಬೇಡಿ. ಜನ ಕೂರುವುದು, ಮಕ್ಕಳು ಆಡುವುದು, ರಾತ್ರಿ ಬೆಂಕಿ ಹಾಕಿ ಸುತ್ತ ಸೇರುವುದು ಎಲ್ಲವೂ ಆ ಮಟ್ಟ ಜಾಗದಲ್ಲೇ ಅಲ್ವಾ? ಇಳಿಜಾರಿನ ಹುಲ್ಲನ್ನು ಇಷ್ಟು ವರ್ಷ ಕತ್ತರಿಸಿದ್ದು ಸುಮ್ನೆ ಕತ್ತರಿಸಬೇಕಲ್ಲ ಎಂದು.

ಈಗ ಅಂಚಿನ ವಿಷಯ. ಹೊರಗಿನಿಂದ ನೋಡಿದರೆ ಇದು ಸಣ್ಣದು. ಆದರೆ ಸೊಂಟ ನೋವಿರುವ ನಿಮ್ಮ ಕೆಲಸದವರಿಗೆ ನಿಜವಾಗಿ ಬಿಡುವು ಸಿಗುತ್ತದೋ ಇಲ್ಲವೋ ಎನ್ನುವುದನ್ನು ತೀರ್ಮಾನಿಸುವುದು ಇದೇ. ಬೆರಳಿಗೆ ತಾಗದಿರಲಿ ಎಂದು ರೋಬೋಟಿನ ಬ್ಲೇಡುಗಳನ್ನು ಕವಚದಿಂದ ಸಾಕಷ್ಟು ಒಳಗೆ ಇಟ್ಟಿರುತ್ತಾರೆ. ಹಾಗಾಗಿ ಗೋಡೆ, ಮೆಟ್ಟಿಲು, ಎದ್ದು ನಿಂತ ಇಟ್ಟಿಗೆ ಅಂಚು ಇದ್ದ ಕಡೆ ಅರ್ಧ ಅಡಿಗಿಂತ ಜಾಸ್ತಿ ಹುಲ್ಲು ಕತ್ತರಿಸದೆ ಉಳಿಯುತ್ತದೆ. ಆ ಪಟ್ಟಿಯನ್ನು ವಾರಕ್ಕೊಮ್ಮೆ ಬಗ್ಗಿ ಕತ್ತರಿಸಬೇಕು. ಮಿಷನ್ ತಂದು ಲಾನ್ ಪೂರ್ತಿ ಅದಕ್ಕೆ ಬಿಟ್ಟು, ಬಗ್ಗುವ ಕೆಲಸ ಮಾತ್ರ ಮನುಷ್ಯನಿಗೆ ಉಳಿಸಿದ ಎಷ್ಟೋ ಅಂಗಳಗಳನ್ನು ನೋಡಿದ್ದೇನೆ.

ಇದಕ್ಕೆ ಮದ್ದು ಸುಲಭ. ಲಾನಿನ ಸುತ್ತ ಒಂದಡಿ ಅಗಲದ ಚಪ್ಪಡಿ ಕಲ್ಲಿನ ಪಟ್ಟಿ ಹಾಕಿ, ಕಲ್ಲಿನ ಮೇಲ್ಮೈ ಲಾನಿನ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಇರಲಿ. ಆಗ ಮಿಷನ್‌ನ ಚಕ್ರ ಕಲ್ಲಿನ ಮೇಲೆ ಹೋಗುತ್ತದೆ, ಬ್ಲೇಡ್ ಹುಲ್ಲಿನ ಕೊನೆಯ ಎಳೆಯ ತನಕ ತಲುಪುತ್ತದೆ. ಗೋಡೆ ಪಕ್ಕ ವೈರನ್ನು ಒಂದಡಿಗಿಂತ ದೂರ ಇಡಬೇಕಾಗುತ್ತದೆ. ಮಟ್ಟವಾದ ಕಲ್ಲಿನ ಪಕ್ಕ ನಾಲ್ಕು ಇಂಚು ಸಾಕು. ಕಲ್ಲನ್ನು ಮಣ್ಣಿನ ಮೇಲೆ ಹಾಗೇ ಇಡಬೇಡಿ. ಒಂದೇ ಮಳೆಗಾಲದಲ್ಲಿ ಒಂದು ಕಲ್ಲು ಕುಸಿಯುತ್ತದೆ, ಪಕ್ಕದ್ದು ಏಳುತ್ತದೆ. ಎದ್ದ ಕಲ್ಲಿಗೆ ಬ್ಲೇಡ್ ಬಡಿಯುತ್ತದೆ. ನಾಲ್ಕು ಇಂಚು ಜಲ್ಲಿ ಬಡಿದು, ತೆಳ್ಳಗೆ ಕಾಂಕ್ರೀಟ್ ಹಾಕಿ ಅದರ ಮೇಲೆ ಕೂರಿಸಿ. ಕಲ್ಲಿನ ಖರ್ಚು ಜಾಸ್ತಿ ಎನಿಸಿದರೆ ಸಿಮೆಂಟ್ ಪೇವರ್ ಕೂಡ ಆಗುತ್ತದೆ. ಪಾಚಿ ಕಟ್ಟಿ ಜಾರುತ್ತದೆ, ವರ್ಷಕ್ಕೊಮ್ಮೆ ಉಜ್ಜಿಸಬೇಕು, ಅಷ್ಟೇ.

ಲಾನ್ ಮಧ್ಯೆ ಜಲ್ಲಿಯ ದಾರಿ ಇದ್ದರೆ ತೆಗೆಸಿ, ಚಪ್ಪಡಿ ಹಾಕಿಸಿ. ಒಂದು ಜಲ್ಲಿ ಕಲ್ಲು ಹುಲ್ಲಿಗೆ ಬಂದರೆ ಬ್ಲೇಡ್ ಹೋಯಿತು. ಲಾನಿನ ಆಕಾರದಲ್ಲಿ ಚೂಪಾದ ಮೂಲೆಗಳು ಬೇಡ, ಬಳುಕಿನ ಗೆರೆ ಇರಲಿ. ಎರಡು ಭಾಗಗಳನ್ನು ಸೇರಿಸುವ ಓಣಿಯಂಥ ಜಾಗ ಇದ್ದರೆ ಆರಡಿ ಅಗಲ ಕೊಡಿ. ಅದಕ್ಕಿಂತ ಕಿರಿದಾದರೆ ಮಿಷನ್ ದಿನಾ ಒಂದೇ ಜಾಡಿನಲ್ಲಿ ಹೋಗಿ ಮಳೆಗಾಲದಲ್ಲಿ ಎರಡು ಗಾಲಿ ಗುರುತು ಬಿದ್ದು ಕೆಸರಾಗುತ್ತದೆ.

ಮರಗಳಿಗೆ ಬರೋಣ. ಹಲಸಿನ ಮರದ ಬುಡದಲ್ಲಿ ಬೇರು ಮೇಲೆದ್ದಿರುತ್ತದೆ, ನೆರಳಿಗೆ ಹುಲ್ಲೂ ಸರಿಯಾಗಿ ಬರುವುದಿಲ್ಲ. ಎರಡು ಮರಕ್ಕೆ ಎರಡು ಸಣ್ಣ ವೃತ್ತ ಮಾಡುವ ಬದಲು ಎರಡನ್ನೂ ಸೇರಿಸಿ ಒಂದೇ ದೊಡ್ಡ ಪಾತಿ ಮಾಡಿ. ಬಿಡಿ ಬಿಡಿ ಮರ ಇದ್ದಷ್ಟೂ ರೋಬೋಟ್ ಡಿಕ್ಕಿ ಹೊಡೆದು ತಿರುಗುವುದು ಜಾಸ್ತಿ, ಅಂಚಿನ ಉದ್ದವೂ ಜಾಸ್ತಿ. ಪಾತಿಯ ಅಗಲ ಕೊಂಬೆಗಳು ಚಾಚಿದಷ್ಟಾದರೂ ಇರಲಿ. ಹಣ್ಣು ಪಾತಿಯೊಳಗೇ ಬೀಳಬೇಕು. ಅದರೊಳಗೆ ಏಲಕ್ಕಿ, ಆಂಥೂರಿಯಂ, ಜರಿಗಿಡ ಹಾಕಿದರೆ ನಿಮ್ಮ ಗೆಸ್ಟ್‌ಗಳಿಗೆ ತೋರಿಸಲು ಒಂದು ಜಾಗವೂ ಆಗುತ್ತದೆ. ಬೇರು ಮುಚ್ಚಲು ಮಣ್ಣು ಸುರಿಯಬೇಡಿ, ಮರಕ್ಕೆ ಉಸಿರು ಕಟ್ಟುತ್ತದೆ. ತರಗೆಲೆ ಹೊದಿಸಿ.

ಅಡಿಕೆ ಸಾಲಿನಿಂದ ಲಾನನ್ನು ಹತ್ತಡಿ ದೂರ ಸರಿಸಿ. ಒಂದು ಅಡಿಕೆ ಹಾಳೆ ಬಿದ್ದರೆ ರೋಬೋಟಿಗೆ ಅದು ದೋಣಿಯಂತೆ. ಮುಂದಿನ ಚಕ್ರ ಹತ್ತುತ್ತದೆ, ಹಿಂದಿನದು ಜಾರುತ್ತದೆ. ಸಿಲ್ವರ್ ಸಾಲಿನ ಕೆಳಗೂ ಹಾಗೆಯೇ, ಎಲೆ ಉದುರುವ ಪಟ್ಟಿಯನ್ನು ಲಾನಿಗೆ ಸೇರಿಸದೆ ನಡೆದಾಡುವ ದಾರಿ ಮಾಡಿ. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸುವ ದಿನಗಳಲ್ಲಿ ಮಿಷನ್ ಆಫ್ ಮಾಡಿ ಒಳಗೆ ಎತ್ತಿಡಿ. ರೆಂಬೆ ಬೀಳುವುದು ಅದಕ್ಕೆ ಗೊತ್ತಾಗುವುದಿಲ್ಲ.

ವೈರ್ ಇಲ್ಲದ ಮಾದರಿಗಳ ಬಗ್ಗೆ ಮಗ ಹೇಳಿರಬಹುದು. ಉಪಗ್ರಹದ ಸಿಗ್ನಲ್ ಹಿಡಿದು, ಅಂಗಳದಲ್ಲಿ ನಿಲ್ಲಿಸಿದ ಒಂದು ಆಂಟೆನಾದ ಸಹಾಯದಿಂದ ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ಗುರುತಿಸಿಕೊಂಡು ಓಡುವಂಥವು. ಬಯಲಿನಲ್ಲಿ ಬಹಳ ಚೆನ್ನ. ಹಾಸನದ ಆಚೆ ಅರಸೀಕೆರೆ ಕಡೆಯ ತೆರೆದ ಅಂಗಳ ಆಗಿದ್ದರೆ ಅದನ್ನೇ ಹೇಳುತ್ತಿದ್ದೆ. ನಿಮ್ಮದು ಮರಗಳ ನಡುವಿನ ಮನೆ. ಎತ್ತರದ ಸಿಲ್ವರ್ ಸಾಲು ಆಕಾಶವನ್ನೇ ಮುಚ್ಚಿದರೆ ಸಿಗ್ನಲ್ ತಪ್ಪುತ್ತದೆ, ಮಿಷನ್ ದಾರಿ ಮಧ್ಯೆ ನಿಲ್ಲುತ್ತದೆ. ಲೇಸರ್ ಬೆಳಕು ಬೀರಿ ಸುತ್ತಲಿನ ಮರ ಗೋಡೆ ನೋಡಿಕೊಂಡು ಓಡುವ ಮಾದರಿಗೆ ಈ ತೊಂದರೆ ಇಲ್ಲ, ಮರಗಳೇ ಅದಕ್ಕೆ ಗುರುತು. ಆದರೂ ನಿಮ್ಮ ಜಾಗಕ್ಕೆ ನಾನು ಹಳೇ ಬೌಂಡರಿ ವೈರನ್ನೇ ಒಪ್ಪುತ್ತೇನೆ. ತುಂಡಾದರೆ ಎಲೆಕ್ಟ್ರಿಷಿಯನ್ ಕೂಡ ಜೋಡಿಸಬಹುದು. ಎರಡು ಇಂಚು ಆಳದಲ್ಲಿ ಹೂಳಿಸಿ. ನಿಮ್ಮ ಕಡೆ ಕಾಡುಹಂದಿ ಎರೆಹುಳು ಹುಡುಕಿಕೊಂಡು ಲಾನ್ ಅಗೆಯುತ್ತದೆ ಎನ್ನುವುದು ನನಗೆ ಗೊತ್ತು. ಹಂದಿ ಬರುವ ಬದಿಯಲ್ಲಿ ಮಾತ್ರ ವೈರನ್ನು ಪೈಪಿನೊಳಗೆ ಹಾಯಿಸಿ, ಕಲ್ಲಿನ ಪಟ್ಟಿಯ ಪಕ್ಕಕ್ಕೇ ಇಡಿ. ವೈರ್ ಹೋದ ದಾರಿಯನ್ನು ಅಳತೆ ಸಮೇತ ಕಾಗದದ ಮೇಲೆ ಬರೆದು, ಫೋಟೋ ತೆಗೆದು ಇಟ್ಟುಕೊಳ್ಳಿ. ಮುಂದೆ ಯಾರೋ ಗಿಡ ನೆಡಲು ಗುದ್ದಲಿ ಹಾಕಿದಾಗ ಅದರ ಬೆಲೆ ತಿಳಿಯುತ್ತದೆ.

ನೀರು ಬಸಿಯುವುದು ಸರಿ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಮನೆಯ ಹಿಂದಿನಿಂದ ಬರುವ ನೀರು ಲಾನಿಗೆ ನುಗ್ಗದಂತೆ ಮೇಲ್ಭಾಗದಲ್ಲೇ ಬಸಿಗಾಲುವೆ ತೆಗೆದು ಬದಿಗೆ ತಿರುಗಿಸಿ. ಮಟ್ಟ ಎನ್ನುವ ಜಾಗವೂ ಪೂರ್ತಿ ಮಟ್ಟ ಇರಬಾರದು. ಹತ್ತಡಿಗೆ ಎರಡೂವರೆ ಇಂಚು ಇಳಿಕೆ ಇದ್ದರೆ ನೀರು ನಿಲ್ಲುವುದಿಲ್ಲ, ಕೂತವರಿಗೆ ಇಳಿಜಾರು ಎಂದೂ ಅನಿಸುವುದಿಲ್ಲ. ಸೂರಿನ ನೀರು ಬೀಳುವ ಗೆರೆಯಲ್ಲಿ ಹುಲ್ಲು ಬೇಡ, ಅಲ್ಲಿ ಕಲ್ಲು ಹಾಸಿ. ನಿಮ್ಮ ಕೆಂಪು ಮಣ್ಣು ಒತ್ತಿ ಒತ್ತಿ ಗಟ್ಟಿಯಾಗಿದ್ದರೆ ಮೇಲಿನ ಅರ್ಧ ಅಡಿ ಸಡಿಲಿಸಿ ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ. ಮಣ್ಣಿನ ಪರೀಕ್ಷೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ತೆರೆದ ಚರಂಡಿ ಲಾನ್ ದಾಟುವುದಾದರೆ ಮೇಲೆ ಚಪ್ಪಡಿ ಮುಚ್ಚಲೇಬೇಕು.

ಹುಲ್ಲಿನ ಜಾತಿ ಬದಲಾಯಿಸುವ ಅಗತ್ಯ ಬಹುಶಃ ಇಲ್ಲ. ಅಗಲ ಎಲೆಯ ಕಾರ್ಪೆಟ್ ಗ್ರಾಸ್ ನಮ್ಮ ಹುಳಿ ಮಣ್ಣು, ತೇವ, ಅರೆನೆರಳು ಮೂರನ್ನೂ ತಡೆಯುತ್ತದೆ. ಬರ್ಮುಡಾ ಹುಲ್ಲಿಗೆ ಪೂರ್ತಿ ಬಿಸಿಲು ಬೇಕು, ನಿಮ್ಮಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಸೊರಗಿರುತ್ತದೆ. ನುಣುಪಾದ ಕೊರಿಯನ್ ಗ್ರಾಸ್ ನೋಡಲು ಚೆಂದ, ಆದರೆ ದಿಬ್ಬ ದಿಬ್ಬವಾಗಿ ಬೆಳೆಯುತ್ತದೆ, ಚಕ್ರಕ್ಕೆ ಅದು ಒಳ್ಳೆಯದಲ್ಲ. ಕತ್ತರಿಸುವ ಎತ್ತರವನ್ನು ಮಳೆಗಾಲದಲ್ಲಿ ಐದು ಸೆಂಟಿಮೀಟರಿಗೆ ಏರಿಸಿ. ತೀರಾ ಗಿಡ್ಡ ಕತ್ತರಿಸಿದರೆ ನೆಲ ಕಾಣುತ್ತದೆ, ನೆಲ ಕಂಡ ಕಡೆ ಕೆಸರು.

ಚಾರ್ಜಿಂಗ್ ಸ್ಟೇಷನ್ ಎಲ್ಲಿ ಇಡಬೇಕು ಎನ್ನುವುದನ್ನು ಎಲ್ಲರೂ ಕೊನೆಗೆ ಯೋಚಿಸುತ್ತಾರೆ. ಮೊದಲೇ ಯೋಚಿಸಿ. ಮಟ್ಟವಾದ ಜಾಗ ಬೇಕು, ಮುಂದೆ ಹತ್ತಡಿ ನೇರ ತೆರವು ಬೇಕು, ಮಧ್ಯಾಹ್ನದ ಬಿಸಿಲು ಬೀಳಬಾರದು, ಸೂರಿನ ನೀರು ಸುರಿಯಬಾರದು. ಕೆಳಗೆ ಎರಡಡಿಗೆ ಮೂರಡಿ ಚಪ್ಪಡಿ ಹಾಕಿ, ಇಲ್ಲದಿದ್ದರೆ ಮಿಷನ್ ದಿನಾ ಬಂದು ಹೋಗುವ ಜಾಗ ಗುಂಡಿ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ಅದರ ಪ್ಲಗ್ ಜಗಲಿಯ ಒಳಗಿರಲಿ. ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿನ ಗುಡುಗು ಸಿಡಿಲು ನಿಮಗೆ ಗೊತ್ತೇ ಇದೆ. ಬೌಂಡರಿ ವೈರ್ ಎಂದರೆ ಅಂಗಳದ ಸುತ್ತ ಹಾಸಿದ ಒಂದು ದೊಡ್ಡ ತಂತಿಯ ಬಳೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಆ ಬಳೆಯಲ್ಲೇ ವಿದ್ಯುತ್ ಹರಿದು ಸ್ಟೇಷನ್‌ನ ಬೋರ್ಡ್ ಸುಟ್ಟುಹೋಗಬಹುದು. ಮೋಡ ಕಟ್ಟಿದಾಗ ಪ್ಲಗ್ ಕೀಳಬೇಕು, ವೈರಿನ ತುದಿಗಳನ್ನೂ ಬಿಡಿಸಬೇಕು. ಮಳೆಯಲ್ಲಿ ನೆನೆದುಕೊಂಡು ಅಂಗಳದ ಮೂಲೆಗೆ ಹೋಗಿ ಯಾರೂ ಇದನ್ನು ಮಾಡುವುದಿಲ್ಲ. ಸ್ಟೇಷನ್ ಜಗಲಿಯ ಪಕ್ಕದಲ್ಲಿದ್ದರೆ ಮಾಡುತ್ತಾರೆ.

ತುಳಸಿಕಟ್ಟೆ ಇದ್ದರೆ ಅದರ ಸುತ್ತ ಮೂರಡಿ ಕಲ್ಲು ಹಾಸಿ. ರಂಗೋಲಿಗೂ ಜಾಗವಾಯಿತು, ಪ್ರದಕ್ಷಿಣೆಗೂ ಆಯಿತು. ಅಂಗಳದ ದೀಪಗಳು, ನೀರಿನ ನಲ್ಲಿ, ಬಟ್ಟೆ ಒಣಗಿಸುವ ಕಂಬ ಎಲ್ಲವೂ ಪಾತಿಯೊಳಗೆ ಹೋಗಲಿ. ಪೈಪ್ ಸುತ್ತಿಡಲು ಗೋಡೆಗೆ ಕೊಕ್ಕೆ ಹಾಕಿಸಿ.

ಸಮಯದ ಬಗ್ಗೆ ಒಂದು ಬೇಡಿಕೆ ಇದೆ. ರಾತ್ರಿ ಓಡಿಸಬೇಡಿ. ಯುರೋಪಿನಲ್ಲಿ ಮುಳ್ಳುಹಂದಿಯಂತೆ ಕಾಣುವ ಹೆಜ್‌ಹಾಗ್ ಎಂಬ ಸಣ್ಣ ಪ್ರಾಣಿಗಳು ರಾತ್ರಿ ಹೊತ್ತು ಈ ಮಿಷನ್‌ಗಳಿಗೆ ಸಿಕ್ಕಿ ಗಾಯಗೊಳ್ಳುತ್ತವೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ 18 ಮಾದರಿಗಳನ್ನು ಪರೀಕ್ಷಿಸಿದರು. ಮೈಗೆ ತಾಗುವ ಮೊದಲೇ ಪ್ರಾಣಿಯನ್ನು ಗುರುತಿಸಿದ ಮಾದರಿ ಅದರಲ್ಲಿ ಒಂದೂ ಇರಲಿಲ್ಲ. ನಮ್ಮಲ್ಲಿ ಹೆಜ್‌ಹಾಗ್ ಇಲ್ಲದಿರಬಹುದು, ಕಪ್ಪೆಗಳಿವೆ. ಕೆರೆ ಪಕ್ಕದ ಲಾನಿನಲ್ಲಿ ಜೂನ್ ರಾತ್ರಿ ಟಾರ್ಚ್ ಹಿಡಿದು ನೋಡಿ, ಎಷ್ಟು ಕಣ್ಣು ಹೊಳೆಯುತ್ತವೆ ಎಂದು. ಪಶ್ಚಿಮಘಟ್ಟದ ಕಪ್ಪೆಗಳಲ್ಲಿ ಬಹಳಷ್ಟು ಜಾತಿ ಬೇರೆಲ್ಲೂ ಇಲ್ಲದವು. ಅವುಗಳ ಹೊತ್ತು ಅವುಗಳಿಗೇ ಇರಲಿ.

ನಿಮ್ಮ ಹೋಂಸ್ಟೇಗೆ ಬೆಳಗ್ಗೆ 10ರಿಂದ ಸಂಜೆ 4 ಸರಿಯಾದ ಹೊತ್ತು. ಗೆಸ್ಟ್‌ಗಳು ದೇವರಮನೆಗೋ ಮುಳ್ಳಯ್ಯನಗಿರಿಗೋ ಹೋಗಿರುತ್ತಾರೆ. ಯಾರಾದರೂ ಮಕ್ಕಳನ್ನು ಕರೆದುಕೊಂಡು ಮನೆಯಲ್ಲೇ ಉಳಿದರೆ ಆ ದಿನ ಓಡಿಸಬೇಡಿ. ಎತ್ತಿದರೆ ಬ್ಲೇಡ್ ನಿಲ್ಲುವ ವ್ಯವಸ್ಥೆ ಇದೆ, ನಿಜ. ಹುಲ್ಲಿನ ಮೇಲೆ ಮಲಗಿದ ಮಗುವಿನ ಕೈಗೆ ಆ ವ್ಯವಸ್ಥೆ ಸಾಲದು. ನಾಯಿ ಇದ್ದರೆ ಬೆಳಗ್ಗೆ ಒಂದು ಸುತ್ತು ಹಾಕಿ ಅದರ ಗಲೀಜು ತೆಗೆದುಬಿಡಿ.

ಹೀಗೆ ದಿನಕ್ಕೆ ಆರೇ ಗಂಟೆ ಓಡಿಸುವುದರಿಂದ ಮಿಷನ್ ಆರಿಸುವ ಲೆಕ್ಕವೂ ಬದಲಾಗುತ್ತದೆ. ಒಂದು ಗುಂಟೆ ಎಂದರೆ ಸುಮಾರು 100 ಚದರ ಮೀಟರ್. 7 ಗುಂಟೆಗೆ 700 ಆಯಿತು. ಡಬ್ಬದ ಮೇಲೆ 700 ಎಂದು ಬರೆದದ್ದನ್ನು ತಂದರೆ ಸಾಲುವುದಿಲ್ಲ. ಆ ಅಂಕಿಯನ್ನು ಬಹುತೇಕ ದಿನವಿಡೀ ಓಡುವ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ನಿಮಗೆ ಜೋರು ಮಳೆಯ ದಿನಗಳಲ್ಲಿ ಪೂರ್ತಿ ರಜೆ ಬೇರೆ. 1500 ಚದರ ಮೀಟರಿನದ್ದನ್ನು ನೋಡಿ.

ಮಗ ವಿಮಾನದಲ್ಲಿ ತರುವ ವಿಷಯಕ್ಕೂ ಇಲ್ಲೊಂದು ತೊಡಕು ಇದೆ. ಲಿಥಿಯಂ ಬ್ಯಾಟರಿ 100 ವ್ಯಾಟ್ ಅವರ್ ದಾಟಿದರೆ ವಿಮಾನ ಕಂಪನಿಯ ಅನುಮತಿ ಬೇಕು, 160 ದಾಟಿದರೆ ಪ್ರಯಾಣಿಕರ ಸಾಮಾನಿನಲ್ಲಿ ಬಿಡುವುದೇ ಇಲ್ಲ. ದೊಡ್ಡ ಲಾನಿನ ಮಾದರಿಗಳಲ್ಲಿ ಇದು ಅಡ್ಡ ಬರಬಹುದು. ಬ್ಲೇಡ್, ಬ್ಯಾಟರಿ, ರಿಪೇರಿ ಇಲ್ಲೇ ಸಿಗುವಂಥದ್ದನ್ನು ಇಲ್ಲೇ ಕೊಳ್ಳುವುದು ಮೇಲು. ಬೆಂಗಳೂರಿನಿಂದ ಯಾರಾದರೂ ಬಂದು ನೋಡುತ್ತಾರಾ ಎಂದು ದುಡ್ಡು ಕೊಡುವ ಮೊದಲೇ ಕೇಳಿ.

ಇನ್ನು ಕೆಲಸದ ಕ್ರಮ. ಅರೇಬಿಕಾ ಕೊಯ್ಲು ನಡೆಯುವಾಗ ನಿಮಗೆ ಜನ ಸಿಗುವುದಿಲ್ಲ. ಆ ದಿನಗಳಲ್ಲಿ ಅಳತೆ, ನಕ್ಷೆ, ಕಲ್ಲು ತರಿಸುವುದು ಮುಗಿಸಿ. ಫೆಬ್ರವರಿ, ಮಾರ್ಚಿನಲ್ಲಿ ಬಸಿಗಾಲುವೆ, ಕಲ್ಲಿನ ಪಟ್ಟಿ, ಧರೆಯ ಸಾಲು. ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಹುಲ್ಲು, ಲಾವಂಚ ನೆಡಿ. ಜೂನ್ ಮಳೆ ಹಿಡಿಯುವಷ್ಟರಲ್ಲಿ ಬೇರು ಕೂತಿರಬೇಕು. ಆ ಮಳೆಗಾಲ ತಳ್ಳುವ ಮೋವರಿನಲ್ಲಿ ನಡೆಸಿ, ವಯಸ್ಸಿನ ಹುಡುಗರು ಯಾರಾದರೂ ವಾರಕ್ಕೆ ಒಂದು ದಿನ ಬಂದರೆ ಸಾಕು. ಜೋರು ಮಳೆ ನಿಂತ ಅರ್ಧ ಗಂಟೆಗೆ ಕೊಡೆ ಹಿಡಿದು ಒಂದು ಸುತ್ತು ಹೋಗಿ. ಎಲ್ಲಿ ನೀರು ನಿಂತಿದೆ, ಎಲ್ಲಿ ಕಾಲು ಜಾರುತ್ತದೆ, ಎಲ್ಲಿ ಕಲ್ಲು ಕುಸಿದಿದೆ ಎಂದು ಗೂಟ ಹೊಡೆದು ಗುರುತು ಮಾಡಿ. ಅಕ್ಟೋಬರ್‌ನಲ್ಲಿ ಆ ಗೂಟಗಳ ಜಾಗ ಸರಿಪಡಿಸಿ, ಆಮೇಲೆ ವೈರ್ ಹಾಕಿ. ಯಾವ ಎಂಜಿನಿಯರ್ ನಕ್ಷೆಯೂ ಆ ಗೂಟಗಳಷ್ಟು ಸರಿಯಾಗಿ ಹೇಳುವುದಿಲ್ಲ.

22 ವರ್ಷ ಆ ಹುಲ್ಲು ನೋಡಿಕೊಂಡವರನ್ನು ಈ ಸುತ್ತಿಗೆ ಜೊತೆಗೆ ಕರೆದುಕೊಂಡು ಹೋಗಿ. ನೀರು ಎಲ್ಲಿ ನಿಲ್ಲುತ್ತದೆ ಎನ್ನುವುದು ನಿಮಗಿಂತ, ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮಿಷನ್ ಬಂದ ಮೇಲೂ ಬೆಳಗ್ಗೆ ಹಾಳೆ, ರೆಂಬೆ, ಕಾಯಿ ಎತ್ತಲು, ಬ್ಲೇಡಿಗೆ ಅಂಟಿದ ಹುಲ್ಲು ಕೆರೆಯಲು, ಒಂದೆರಡು ತಿಂಗಳಿಗೊಮ್ಮೆ ಬ್ಲೇಡ್ ಬದಲಾಯಿಸಲು ಒಬ್ಬರು ಬೇಕು. ದಿನಕ್ಕೆ ಅರ್ಧ ಗಂಟೆಯ ಕೆಲಸ. ಮಿಷನನ್ನು ಮೇಜಿನ ಮೇಲೆ ಮಗುಚಿಟ್ಟುಕೊಂಡರೆ ಬಗ್ಗುವುದೂ ಇಲ್ಲ. ಎತ್ತಿ ಕೊಡಲು ಮಾತ್ರ ಇನ್ನೊಬ್ಬರು ಇರಲಿ. ಕೆಲಸ ಕಲಿಸಲು ನಾನೇ ಬರುತ್ತೇನೆ. ಅಷ್ಟರೊಳಗೆ ಇಳಿಜಾರಿನ ಆ ಐದಾರು ಅಳತೆ ತೆಗೆದು, ಧರೆಯ ಫೋಟೋ ಜೊತೆಗೆ ಕಳಿಸಿಕೊಡಿ. ಯಾವ ಗೆರೆಯ ತನಕ ಲಾನ್, ಎಲ್ಲಿಂದ ಲಾವಂಚ ಎಂದು ಅದರ ಮೇಲೇ ಗುರುತು ಹಾಕಿ ಕಳಿಸುತ್ತೇನೆ.